ಕುಮ್ ಕೇಳಿದ ಕಾರ್ಬೈನ್

ಹೆಂಡತಿಗೆ ಹೆದರಿ ಹೇಳಿದ ಒಂದೇ ಒಂದು ಸುಳ್ಳು ರಾತೊಮಿರನ ಕೊರಳಿಗೆ ಉರುಳಾಯಿತು. "ಇನ್ನೊಂದು ಹಳೇ ಬಂದೂಕು ಮನೆಗೆ ಬಂದ್ರೆ, ಅದರ ಜೊತೆ ನೀವೂ ಕೊಟ್ಟಿಗೇಲಿ ಮಲಗ್ಬೇಕಾಗತ್ತೆ" ಎಂದು ಸ್ತಮೆನಾ ಎಚ್ಚರಿಸಿದ್ದಳು. ಹಾಗಾಗಿ ಸರ್ಬಿಯಾದ ಹಳೆಯ ಕುದುರೆ ದಳದ ಕಾರ್ಬೈನ್ ಎಂಬ ಗಿಡ್ಡ ಬಂದೂಕು ಸಿಕ್ಕಾಗ, "ಆಟಿಕೆ ಕಣೇ, ಗೋಡೆ ಅಂದಕ್ಕೆ" ಅಂದುಬಿಟ್ಟ. ಆದರೆ ನಳಿಗೆ, ಬೋಲ್ಟು, ಮರದ ಹಿಡಿ ಮೂರರಲ್ಲೂ ಒಂದೇ ನಂಬರು. ಯಾರೂ ಉಜ್ಜಿ ಕೆಡಿಸದ ಕಿರೀಟದ ಮುದ್ರೆ! ಇಂಥ ಅಪ್ಪಟ ಮಾಲಿಗಾಗಿ ಅವನು ಅರ್ಧ ಆಯಸ್ಸು ಸಂತೆ ಸಂತೆ ಅಲೆದಿದ್ದ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ವೆಲಿಬೋರ್ ಬಂದ. ರಾತೊಮಿರನ ಮದುವೆಗೆ ಸಾಕ್ಷಿ ನಿಂತ ಕುಮ್ ಅವನು. ನಮ್ಮಲ್ಲಿ ದೇವರು ಕೇಳಿದರೂ ಇಲ್ಲವೆನ್ನಬಹುದು, ಕುಮ್ ಕೇಳಿದರೆ ಆಗದು.

"ಮಗನ ದಿಬ್ಬಣ ಕಣೋ. ಹೆಗಲಿಗೆ ಹಾಕ್ಕೊಳ್ಳೋಕೆ ನಿನ್ನ ಆಟಿಕೆ ಕೊಡು!"

"ಅದು... ಧೂಳು ಹಿಡಿದಿದೆ..."

"ಆಟಿಕೆ ತಾನೆ? ತಗೊಂಡು ಹೋಗಪ್ಪ" ಎಂದು ಸ್ತಮೆನಾ ತಾನೇ ಗೋಡೆಯಿಂದ ಇಳಿಸಿ ಕೊಟ್ಟಳು.

ಕರುವಿನ ಹಿಂದೆ ಹಸು ಹೋದಂತೆ ರಾತೊಮಿರ್ ಕಾರ್ಬೈನಿನ ಹಿಂದೆಯೇ ಹೋದ; ಸ್ತಮೆನಾಳೂ ದಿಬ್ಬಣದ ಜೊತೆ ಹೊರಟಳು.

ಹುಡುಗಿಯ ಮನೆಯ ಮುಂದೆ ಕಂಬದ ತುದಿಗೆ ಸೇಬು ಕಟ್ಟಿದ್ದರು. ಅದನ್ನು ಹೊಡೆದು ಉರುಳಿಸದೆ ಮದುಮಗಳನ್ನು ಹೊರಗೆ ಬಿಡುವುದಿಲ್ಲ. ಮದುಮಗ ಬೇಟೆ ಬಂದೂಕಿನಿಂದ ಹೊಡೆದೇ ಹೊಡೆದ; ಸೇಬು ಜಪ್ಪಯ್ಯ ಅನ್ನಲಿಲ್ಲ. ಪ್ಲಮ್ ಸಾರಾಯಿ ತಲೆಗೇರಿದ್ದ ವೆಲಿಬೋರ್ ಕಾರ್ಬೈನನ್ನು ದೊಣ್ಣೆಯ ಹಾಗೆ ಎತ್ತಿದ. "ಇದನ್ನೇ ಎಸೆದು ಬೀಳಿಸ್ತೀನಿ!"

"ಅಯ್ಯೋ ಬೇಡ! ಅದು ಅಸಲಿ..." ರಾತೊಮಿರ್ ನಾಲಿಗೆ ಕಚ್ಚಿಕೊಂಡ.

"ಏನಂದ್ರಿ?" ಸ್ತಮೆನಾ ಸೊಂಟಕ್ಕೆ ಕೈಯಿಟ್ಟಳು.

"ಸ್ರೆತೆನ್ ಮೇಷ್ಟ್ರೇ ಇದ್ದಾರಲ್ಲ, ಅವರೇ ಹೇಳ್ಲಿ!" ಎಂದು ನೆಂಟರು ಕೂಗಿದರು. ಹಳೆಯ ಬಂದೂಕಿನ ವಿಷಯದಲ್ಲಿ ಆ ಸೀಮೆಗೆಲ್ಲ ಅವರದೇ ಕೊನೆಯ ಮಾತು.

ಮೇಷ್ಟ್ರು ಕನ್ನಡಕ ಏರಿಸಿ ಮೂರೂ ನಂಬರು ಓದಿದರು. ಕಿರೀಟದ ಮುದ್ರೆಯ ಮೇಲೆ ಬೆರಳಾಡಿಸಿದರು. ರಾತೊಮಿರನ ಮುಗಿದ ಕೈ ನೋಡಿದರು. ಹಿಂದೆ ನಿಂತಿದ್ದ ತಮ್ಮ ಹೆಂಡತಿಯನ್ನೂ ನೋಡಿದರು.

"ಬರೀ ಆಟಿಕೆ" ಎಂದು ಸಾರಿ, ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಅಪ್ಪಟ ಚಿನ್ನ ಕಣಯ್ಯಾ! ನಮ್ಮನೆ ಗೋಡೆ ತುಂಬಾನೂ ಇಂಥ ಆಟಿಕೆಗಳೇ."

ರಾತೊಮಿರನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಮದುಮಗನ ಗುಂಡಿಗೆ ಸೇಬೂ ಬಿತ್ತು, ವಾಲಗವೂ ಮೊಳಗಿತು. ವೆಲಿಬೋರ್ ಅವನನ್ನು ತಬ್ಬಿಕೊಂಡ. "ಆಟಿಕೇನೇ ಆದ್ರೆ ಮದುಮಗನಿಗೆ ಉಡುಗೊರೆ ಕೊಟ್ಬಿಡೋ, ನಿನ್ನ ಕುಮ್ ಕೇಳ್ತಿದ್ದೀನಿ!"

ಊರಿನ ಕಣ್ಣೆಲ್ಲ ಅವನ ಮೇಲೆ. "ಕೊ... ಕೊಟ್ಟೆ" ಅಂದ.

ಮನೆಯ ದಾರಿಯಲ್ಲಿ ಅವನ ಮುಖ ನೋಡಿ ಸ್ತಮೆನಾಗೆ ನಗು ತಡೆಯಲಾಗಲಿಲ್ಲ. "ಆಟಿಕೆಗೆ ಯಾರಾದ್ರೂ ದಿನಾ ಎಣ್ಣೆ ಹಚ್ಚಿ ಮುತ್ತು ಕೊಡ್ತಾರಾ? ನಂಗೆ ಅದು ಬಂದ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ಕುಮ್ ಕೇಳಿದಾಗ ಸುಮ್ನಿದ್ಯಾ?"

"ಸುಮ್ನೆ ಯಾಕಿರ್ಲಿ? ಕೇಳು ಅಂತ ಅವನಿಗೆ ಹೇಳ್ಕೊಟ್ಟವಳೇ ನಾನು!"