ಎರಡು ಪದರಗಳ ನಡುವೆ ನಮ್ಮ ಮಾವ

ಅಚ್ಚುಕಟ್ಟಾದ ಮನುಷ್ಯರಿಂದ ಮನೆಮಂದಿಗೆ ಆಗುವ ಅನಾಹುತಕ್ಕೆ ಯಾರೂ ಲೆಕ್ಕ ಇಟ್ಟಂತಿಲ್ಲ. ಅಸ್ತವ್ಯಸ್ತವಾಗಿರುವವರು ಹೆಚ್ಚೆಂದರೆ ಒಂದು ವಸ್ತುವನ್ನು ಎಲ್ಲೋ ಇಟ್ಟು ಮರೆಯುತ್ತಾರೆ, ಹುಡುಕಿದರೆ ಸಿಗುತ್ತದೆ. ನಮ್ಮಂಥವರು ಅದನ್ನು ಎತ್ತಿ, ಒರೆಸಿ, ಬೇಡವೆಂದು ತೀರ್ಮಾನಿಸಿ, ಎಸೆದು, ಎಸೆದ ತಾರೀಖನ್ನೂ ಬರೆದಿಡುತ್ತೇವೆ. ನನ್ನ ಡೈರಿಯಲ್ಲಿ ಕರೆಂಟು ಹೋದದ್ದಕ್ಕೆ, ನೆಂಟರು ಬಂದದ್ದಕ್ಕೆ, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದ್ದಕ್ಕೆ, ಎಲ್ಲಕ್ಕೂ ಗೀಟುಗಳಿವೆ. ಸೀಟಿನ ಪುಟ ಬಹುತೇಕ ಖಾಲಿ. ಈ ಗುಣವನ್ನು ಮೆಚ್ಚಿಯೇ ನಮ್ಮ ಸೋದರಮಾವ ತಮ್ಮ ನಾಟಕದ ಡಿವಿಡಿಯನ್ನು ನಕಲು ಮಾಡಲು ನನ್ನ ಕೈಗೆ ಕೊಟ್ಟರು.

ಮಾವ ಉಡಿಗಾಲದವರು. ವರ್ಷವಿಡೀ ಅರಿಸಿನ, ಬಾಳೆಯ ಬೇಸಾಯ. ವರ್ಷಕ್ಕೊಮ್ಮೆ ಊರಿನ ನಾಟಕದಲ್ಲಿ ರಾಜ. ಕಿರೀಟ ಬಾಡಿಗೆಯದು, ಮೀಸೆ ಸ್ವಂತದ್ದು. ಇಷ್ಟು ವರ್ಷಗಳಲ್ಲಿ ಒಂದು ಮಾತನ್ನೂ ಮರೆತವನಲ್ಲ ಎಂಬುದೇ ಅವರ ಹೆಮ್ಮೆ. ನಮ್ಮ ಕಡೆ ಶ್ರುತಿ ತಪ್ಪಿದವನನ್ನು ಜನ ಕ್ಷಮಿಸುತ್ತಾರೆ. ಮಾತು ಮರೆತವನಿಗೆ ಮಾತ್ರ ಸಾಯುವ ತನಕ ಅಡ್ಡಹೆಸರು.

ವಿಡಿಯೋದವರು ಇಡೀ ನಾಟಕವನ್ನು ಎರಡು ಪದರದ ಒಂದೇ ಡಿಸ್ಕಿಗೆ ಹಾಕಿದ್ದರು. ಮೊದಲ ಪದರ ಮುಗಿದಾಗ ಪ್ಲೇಯರು ಎರಡನೆಯದಕ್ಕೆ ದಾಟಬೇಕು. ಹಳೆಯ ಪ್ಲೇಯರುಗಳು ಆಗ ಚಿತ್ರವನ್ನು ಒಂದೆರಡು ಕ್ಷಣ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತವೆ. ವಿಡಿಯೋದವರು ಜಾಣರು, ಆ ಜಾಗವನ್ನು ಪರದೆ ಬಿದ್ದ ಕಡೆ ಇಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿದಾಗ ಎರಡು ಫೈಲು ಬಂದವು, ಒಂದು ಆನೆಯಷ್ಟು, ಇನ್ನೊಂದು ಇರುವೆಯಷ್ಟು. ಇರುವೆಯನ್ನು ತೆರೆದರೆ ಒಳಗೆ ಎರಡು ಸಾಲು ಮಾತ್ರ. ಕಸವೆಂದು ಅಳಿಸಿ ಡೈರಿಯಲ್ಲಿ ಒಂದು ಗೀಟು ಹಾಕಿದೆ. ಮೊದಲ ಪದರ ಎಲ್ಲಿ ಮುರಿದು ಎರಡನೆಯದು ಶುರುವಾಗಬೇಕೆಂಬ ಗುರುತು ಇದ್ದದ್ದು ಆ ಇರುವೆಯ ಹೊಟ್ಟೆಯಲ್ಲೇ. ಹೊಸ ಡಿಸ್ಕಿಗೆ ಬರೆಯುವಾಗ ಕಂಪ್ಯೂಟರು, ಎಲ್ಲಿ ಮುರಿಯಲಿ ಎಂದು ಕೇಳಿ ಕೆಲವು ಜಾಗಗಳನ್ನೂ ತೋರಿಸಿತು. ರೊಟ್ಟಿ ಮುರಿಯುವ ಹಾಗೆ ಸರಿಯಾಗಿ ನಡುವಿನದನ್ನು ಆರಿಸಿದೆ. ಒಂಬತ್ತು ಪ್ರತಿ ಮಾಡಿ, ಕಂಪ್ಯೂಟರಿನಲ್ಲೇ ಹಾಕಿ ಪರೀಕ್ಷಿಸಿ (ಅದರಲ್ಲಿ ಎಲ್ಲೂ ನಿಲ್ಲಲಿಲ್ಲ), ಲೇಬಲ್ ಅಂಟಿಸಿ, ನಾಟಕದವರ ಒಂಬತ್ತು ಮನೆಗಳಿಗೆ ಕಳಿಸಿಕೊಟ್ಟೆ.

ಮುಂದಿನ ಭಾನುವಾರ ಮಾವ ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟಿರಲಿಲ್ಲ.

"ನಾನೇನ್ ಅನ್ಯಾಯ ಮಾಡಿದ್ದೆ ಕಣಮ್ಮಿ ನಿಂಗೆ?"

ರಾಜ ಕತ್ತಿ ಎತ್ತಿ "ಈ ಸಿಂಹಾಸನದ ಮೇಲಾಣೆ" ಎಂದು ಗರ್ಜಿಸಿದ ಕೂಡಲೇ ಚಿತ್ರ ಒಂದೆರಡು ಕ್ಷಣ ನಿಂತುಬಿಡುತ್ತಿತ್ತಂತೆ. ಬಾಯಿ ತೆರೆದೇ ಇದೆ, ಕಣ್ಣು ಮೇಲಕ್ಕೆ ಹೋಗಿದೆ, ಮಾತಿಲ್ಲ. ಡಿಸ್ಕಿನ ದೋಷವೆಂದು ಹೇಳಬಾರದಿತ್ತೇ ಎಂದೆ.

"ಹೇಳ್ದೆ. ಮಂತ್ರಿ ಪಾರ್ಟಿನ ಸಿದ್ದಪ್ಪ ಏನಂದ ಗೊತ್ತಾ? ಡಿಸ್ಕ್ ಕೆಟ್ಟಿದ್ರೆ ಒಂದೊಂದ್ ಮನೇಲಿ ಒಂದೊಂದ್ ಕಡೆ ನಿಲ್ಬೇಕು. ಒಂಬತ್ ಮನೇಲೂ ಅಲ್ಲೇ ನಿಲ್ತದೆ ಅಂದ್ರೆ ನಿಂತಿದ್ದು ಡಿಸ್ಕಲ್ಲ, ನೀನೇ ಕಣ್ಲಾ ಅಂದ."

"ನಾಟಕ ನೋಡಿದವರು ಹೇಳಲಿಲ್ವಾ ಮಾವ?"

"ಆ ಹೊತ್ಗೆ ಎಲ್ಲಾ ತೂಕಡಿಸ್ತಿದ್ರು. ಈಗ ನಿನ್ ಡಿವಿಡಿನೇ ಸಾಕ್ಷಿ. ಗುಂಡ್ಲುಪೇಟೇಲಿ ಇದೇ ನಾಟ್ಕ ಇನ್ನೊಂದ್ಸಲ ಆಡ್ತೀವಲ್ಲ, ಅದಕ್ಕೆ ರಾಜನ್ ಪಾರ್ಟು ಅವ್ನಿಗ್ ಬೇಕಂತೆ."

ಸಿದ್ದಪ್ಪನವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ. ಯಾರಾದರೂ ಸೋಮಾರಿ ಹುಡುಗಿ ಮಾಡಿದ್ದರೆ ಒಂಬತ್ತು ಡಿಸ್ಕುಗಳು ಒಂಬತ್ತು ಕಡೆ ಕೆಟ್ಟು ಮಾವನ ಮಾನ ಉಳಿಯುತ್ತಿತ್ತು. ಪುಣ್ಯಕ್ಕೆ ಮೂಲ ಡಿಸ್ಕು ನನ್ನ ಬಳಿಯೇ ಇತ್ತು. ಈ ಸಲ ಇರುವೆಯನ್ನು ಜೋಪಾನವಾಗಿ ಉಳಿಸಿಕೊಂಡು ಹೊಸ ಪ್ರತಿ ಮಾಡಿ, ಅದನ್ನು ಹಿಡಿದು ಉಡಿಗಾಲದ ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋದೆ. ಪಾರ್ಟು ಹಂಚುವವರು ಅವರೇ. ನಾಟಕದವರೆಲ್ಲ ಸೇರಿದ್ದರು. ಡಿಸ್ಕು ಹಾಕಿದರೆ ರಾಜ ಒಂದಿಷ್ಟೂ ತಡೆಯದೆ ಆಣೆಯ ಮಾತನ್ನು ಪೂರ್ತಿ ಹೇಳಿದ. ಸಿದ್ದಪ್ಪ ಕೆಮ್ಮಿದರು. ನಾನು ಗೆದ್ದವಳಂತೆ ಮೇಷ್ಟ್ರನ್ನು ನೋಡಿದೆ. ಅವರು ಗಡ್ಡ ಕೆರೆದುಕೊಂಡರು.

"ಮಾತೇನೋ ಸರಿಯಾಗೇ ಅದೆ. ಗತ್ತಿಲ್ಲ."

"ಅಂಗಂದ್ರೆ ಮೇಷ್ಟ್ರೇ?" ಎಂದರು ಮಾವ.

"ಮೊದಲ್ನೇದ್ರಲ್ಲಿ ನಿಲ್ತಿದ್ದೆಯಲ್ಲ, ರಾಜ ಅಂದ್ರೆ ಅಂಗಿರ್ಬೇಕು ಕಣಪ್ಪ. ಪಾರ್ಟು ನಿಂದೇ. ಗುಂಡ್ಲುಪೇಟೇಲಿ ಅಂಗೇ ನಿಂತ್ಕೊ."

ಅಂದಿನಿಂದ ಮಾವ ಬಾಳೆ ತೋಟದಲ್ಲಿ ಮಚ್ಚು ಎತ್ತಿ ನಿಲ್ಲುವುದನ್ನು ಅಭ್ಯಾಸ ಮಾಡಿದರು.

ಗುಂಡ್ಲುಪೇಟೆಯಲ್ಲಿ ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಮಾವ ಕತ್ತಿ ಎತ್ತಿದರು, "ಈ ಸಿಂಹಾಸನದ ಮೇಲಾಣೆ" ಎಂದರು, ನಿಂತರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಿತು. ಮಾವ ನಿಂತೇ ಇದ್ದರು. ಆಗ ಅವರ ಕಣ್ಣು ನನ್ನನ್ನು ಹುಡುಕಿತು. ನಿಲ್ಲುವುದನ್ನೇ ಕಲಿತು ಕಲಿತು ಅವರಿಗೆ ಮುಂದಿನ ಮಾತು ನಿಜವಾಗಿಯೂ ಹೋಗಿಬಿಟ್ಟಿತ್ತು. ಮರೆತ ಮಾತನ್ನು ಎತ್ತಿಕೊಡಬೇಕಾದ ಮೇಷ್ಟ್ರು ಇದು ಗತ್ತೆಂದೇ ತಿಳಿದು, ಕಣ್ಣು ಮುಚ್ಚಿ ಸ್ವರ ಹಿಡಿದು ಕೂತಿದ್ದರು. ಆ ಮಾತು ಮೈದಾನದಲ್ಲಿ ಇನ್ಯಾರಿಗಾದರೂ ಬಾಯಿಗೆ ಬರುತ್ತಿದ್ದರೆ ಅದು ಒಂಬತ್ತು ಡಿಸ್ಕುಗಳನ್ನು ಹಾಕಿ ಹಾಕಿ ಪರೀಕ್ಷಿಸಿದ್ದ ನನಗೆ. ಎದ್ದು ನಿಂತು "ಪ್ರಾಣ ಹೋದರೂ ಗಡಿ ಬಿಡೆನು" ಎಂದು ಕೂಗಿಬಿಟ್ಟೆ. ಜನರೆಲ್ಲ ತಿರುಗಿದರು, ವಿಡಿಯೋದವರ ಕ್ಯಾಮೆರಾ ಕೂಡ ತಿರುಗಿತು. ಅಷ್ಟರಲ್ಲಿ ಮಾವ ಅದೇ ಮಾತನ್ನು ರಾಗವಾಗಿ ಹೇಳಿ ಮುಂದೆ ಹೋಗಿದ್ದರು.

ಆ ಡಿವಿಡಿಯೂ ನಕಲಿಗೆ ನನ್ನ ಬಳಿಗೇ ಬಂತು. ಈ ಸಲ ಪರದೆ ಬಿದ್ದ ಕಡೆಯೇ ಪದರ ಮುರಿಯುತ್ತೇನೆ ಎಂದೆ.

"ಬ್ಯಾಡ," ಎಂದರು ಮಾವ. "ನೀನು ಬಾಯ್ ಬುಟ್ಕೊಂಡು ನಿಂತಿದ್ದೀಯಲ್ಲ, ಅಲ್ಲೇ ಮುರಿ."

"ಯಾಕೆ ಮಾವ?"

"ಒಂಬತ್ ಮನೇಲೂ ಅಲ್ಲೇ ನಿಂತ್ರೆ, ನಿಂತೋಳು ನೀನು ಅಂತಾಯ್ತದೆ. ಸಿದ್ದಪ್ಪನೇ ಹೇಳವ್ನಲ್ಲ."

ಹಾಗೆಯೇ ಮಾಡಿಕೊಟ್ಟೆ. ಮೊನ್ನೆ ಉಡಿಗಾಲದಲ್ಲಿ ಬಸ್ಸಿಳಿದಾಗ ಸಿದ್ದಪ್ಪನವರ ಪುಟ್ಟ ಮೊಮ್ಮಗಳು ನನ್ನನ್ನು ಕಂಡವಳೇ ಬಾಯಿ ಅಗಲಿಸಿ, ಅಲ್ಲಾಡದೆ, ಒಂದೆರಡು ಕ್ಷಣ ಹಾಗೇ ನಿಂತಳು. ಆಮೇಲೆ ಓಡಿಹೋದಳು.