ಕೌಟು ಕೊಬ್ಬರಿಯ ಚಕ್ಕುಲಿ

ಚಕ್ಕುಲಿ ವಿಷಯದಲ್ಲಿ ಪಂಚನಹಳ್ಳಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಓದು ಮಾತ್ರ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಪಕ್ಕದ ಮನೆ ರುದ್ರಮ್ಮನ ಮಗಳು ಕಾವ್ಯ ಒಂದು ದಿನ ನಮ್ಮ ಮಹಿಳಾ ಸಂಘಕ್ಕೆ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಸುಟ್ಟ ಕಾಡು, ನಡುವೆ ಕೆಂಚು ಕೂದಲಿನ ದೊಡ್ಡ ಕೋತಿ.

"ದೂರದ ದೇಶ್ದಲ್ಲಿ ಕಾಡು ಕಡ್ದು ತಾಳೆ ಹಾಕ್ತಾರೆ ಗಂಗಜ್ಜಿ. ಆ ಎಣ್ಣೇನೇ ಪಾಮಾಯಿಲ್ ಆಗಿ ನಮ್ಮೂರಿಗೆ ಬರೋದು."

ಸಮುದ್ರದಾಚೆಯ ಕಾಡು ನನ್ನ ಬಾಣಲೆಗೆ ಹೇಗೆ ಬಂತು? ಕುತೂಹಲ ತಡೆಯಲಾಗಲಿಲ್ಲ. ಮನೆಯ ಪೊಟ್ಟಣಗಳನ್ನೆಲ್ಲ ಅವಳಿಂದ ಓದಿಸಿದೆ. ಬಿಸ್ಕತ್ತಿನಲ್ಲೂ ಅದೇ. ಸೋಪಿನಲ್ಲೂ ಅದೇ!

"ಇದೇನೇ, ನಾನು ದಿನಾ ಕಾಡ್ ಹಚ್ಕಂಡು ಸ್ನಾನ ಮಾಡ್ತಿದ್ನಾ?"

ಮರುವಾರ ಸಂಘದಲ್ಲಿ ನಾನೇ ಎದ್ದು ನಿಂತು, ಪಾಮಾಯಿಲನ್ನು ಯಾರೂ ಮುಟ್ಟಕೂಡದೆಂದು ಠರಾವು ಮಂಡಿಸಿದೆ. ಎಲ್ಲರೂ ಕೈ ಎತ್ತಿದರು.

ಅಷ್ಟರಲ್ಲಿ ಕಾವ್ಯಳನ್ನು ನೋಡಲು ಅಜ್ಜಂಪುರದಿಂದ ಗಂಡಿನವರು ಬರುವುದೆಂದಾಯಿತು. ಹುಡುಗ ಹುಡುಗಿ ಇಬ್ಬರಿಗೂ ಆಗಲೇ ಮನಸ್ಸಾಗಿತ್ತು. ಹುಡುಗನ ತಾಯಿ ಒಪ್ಪಬೇಕು, ಅಷ್ಟೆ.

"ಕಡ್ಲೇಕಾಯ್ ಎಣ್ಣೆ ತರ್ಸ್ಲಾ ಗಂಗಕ್ಕ?" ಎಂದಳು ರುದ್ರಮ್ಮ.

"ಅಟ್ಟದ ತುಂಬ ಕೊಬ್ಬರಿ ಮಡೀಕಂಡು ಅಂಗ್ಡಿ ಎಣ್ಣೆ ಯಾಕೇ? ಚಕ್ಕುಲಿ ನಂಗ್ ಬಿಡು!"

ಎಡವಿದ್ದು ಇಲ್ಲೇ. ನಮ್ಮ ಕಡೆ ಒಳ್ಳೆಯ ಕೊಬ್ಬರಿ ಮಂಡಿಗೆ ಹೋಗುತ್ತದೆ. ಮನೆಗೆ ಉಳಿಯುವುದು ಕೌಟು, ಅಂದರೆ ಕೆಟ್ಟು ವಾಸನೆ ಹಿಡಿದದ್ದು. ಅದರ ಎಣ್ಣೆ ತಲೆಗೆ, ದೀಪಕ್ಕೆ. ಮದುವೆಯಾಗಿ ಬಂದಾಗಿನಿಂದ ಇದೇ ರೂಢಿ. ಕೈ ತಾನಾಗಿ ಕೌಟಿನ ಚೀಲಕ್ಕೇ ಹೋಯಿತು, ಚೀಲ ಎಣ್ಣೆ ಮಿಲ್ಲಿಗೆ ಹೋಯಿತು.

ಬಾಣಲೆ ಕಾಯುತ್ತಿದ್ದಂತೆ ಯಜಮಾನರು ಇಣುಕಿದರು.

"ಯಾರ್ ತಲೆಗೆ ಎಣ್ಣೆ ಕಾಯಿಸ್ತಿದ್ದೀಯೇ?"

"ನಿಮ್ ಮೂಗಿಗೆ ವಯಸ್ಸಾಗೈತೆ, ಹೋಗ್ರಿ!"

ರುಚಿ ನೋಡಲಿಲ್ಲ. ನನ್ನ ಚಕ್ಕುಲಿಯ ರುಚಿಯನ್ನು ನಾನೇ ನೋಡುವುದೇ? ಮರ್ಯಾದೆಯ ಪ್ರಶ್ನೆ!

ಗಂಡಿನವರು ಬಂದು ಕೂತರು. ಹುಡುಗನ ತಾಯಿ ಚಕ್ಕುಲಿಯ ಒಂದು ತುಂಡು ಕಡಿದರು. ಅಗಿಯುವುದು ನಿಂತಿತು. ಅವರ ಕೈ ಮೆಲ್ಲಗೆ ತಮ್ಮ ಜಡೆಯನ್ನೇ ಮುಟ್ಟಿ ನೋಡಿತು.

ರುದ್ರಮ್ಮ ಗಾಬರಿಯಿಂದ ಓಡಿ ಬೇಕರಿಯ ಮಿಕ್ಸ್‌ಚರ್ ತಂದಿಟ್ಟಳು. ಅವರು ಕೈ ಹಾಕುವ ಮೊದಲೇ ನಾನು ತಟ್ಟೆ ಕಸಿದುಕೊಂಡೆ.

"ಬ್ಯಾಡಿ ಕಣ್ರೀ! ಇದ್ರೊಳಗೆ ಕಾಡೈತೆ!"

"ಕಾಡಾ?"

ಕೇಳಿದ ಮೇಲೆ ಬಿಡುವುದುಂಟೆ? ಕೋತಿಯಿಂದ ಹಿಡಿದು ಸೋಪಿನವರೆಗೆ ಸವಿಸ್ತಾರವಾಗಿ ವಿವರಿಸಿದೆ. ತಿರುಗಿ ನೋಡಿದರೆ ರುದ್ರಮ್ಮ ಗೋಡೆಗೆ ಒರಗಿದ್ದಳು. ಕಾವ್ಯಳ ಕಣ್ಣು ತುಂಬಿತ್ತು. ಆಗ ಬಾಯಿ ಮುಚ್ಚಿದೆ. ಸಂಬಂಧ ಮುರಿದಂತೆಯೇ ಎಂದುಕೊಂಡೆ.

ಹುಡುಗನ ತಾಯಿ ಒಂದು ಲೋಟ ನೀರು ಪೂರ್ತಿ ಕುಡಿದು, "ಕೋತಿ ಸುದ್ದಿ ನಿಜ್ವೇನಮ್ಮಾ?" ಎಂದು ಕಾವ್ಯಳನ್ನು ಕೇಳಿದರು. ಅವಳು ಕಣ್ಣೊರೆಸಿಕೊಂಡು ಮೊಬೈಲ್ ತೆಗೆದಳು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದರು. ಅವರು ಏನೇನೋ ಕೇಳಿದರು, ಅವಳು ಹೇಳಿದಳು.

ಕೊನೆಗೆ ಆಕೆ ಎದ್ದರು. "ಹುಡ್ಗಿ ಒಪ್ಗೆ ಐತೆ. ಮದ್ವೆಗೂ ಪಾಮಾಯಿಲ್ ಬ್ಯಾಡ, ಕಡ್ಲೇಕಾಯ್ ಎಣ್ಣೆ ನಾವೇ ತತ್ತೀವಿ. ಆದ್ರೆ ಒಂದ್ ಮಾತು." ನನ್ನ ಕಡೆ ಬೆರಳು ತೋರಿಸಿದರು. "ಈ ಅಜ್ಜಿ ಒಲೆ ಹತ್ರ ಬರ್ಬಾರ್ದು!"

ಮದುವೆಯಲ್ಲಿ ನನಗೆ ತಾಂಬೂಲದ ಚೀಲ ಹಂಚುವ ಜವಾಬ್ದಾರಿ ಕೊಟ್ಟಿದ್ದಾರೆ. ಅದಕ್ಕೆ ಯಾವ ಎಣ್ಣೆಯೂ ಬೇಡವಂತೆ!