ಲ್ಯಾಪ್‌ಟಾಪಿನ ಜ್ವರಕ್ಕೆ ವಿಭೂತಿ ಹಚ್ಚುವುದನ್ನು ನಿಲ್ಲಿಸುವ ಕುರಿತು

ಇಂದ,
ಕೊಟ್ಟೂರಪ್ಪ,
ಶೇಂಗಾ ವ್ಯಾಪಾರಿ ಹಾಗೂ ತಮ್ಮ ಹಿರಿಯ ಮಗ,
ಪಡಸಾಲೆ, ದೊಡ್ಡಉಳ್ಳಾರ್ತಿ,
ಚಳ್ಳಕೆರೆ ತಾಲ್ಲೂಕು.

ಗೆ,
ಶ್ರೀಮತಿ ಬಸವಲಿಂಗಮ್ಮನವರು,
ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯಿತಿ,
ಹಾಲಿ ಅಧ್ಯಕ್ಷರು, ಈ ಮನೆ,
ದೇವರ ಕೋಣೆ, ಅದೇ ವಿಳಾಸ.

ವಿಷಯ: ಹತ್ತಿಕೊಂಡು ಸ್ವಲ್ಪ ಹೊತ್ತಿಗೇ ಆರಿಹೋಗುವ ಲ್ಯಾಪ್‌ಟಾಪಿಗೆ ವಿಭೂತಿಯಿಂದ ವಿನಾಯಿತಿ ಕೋರಿ.

ಉಲ್ಲೇಖ:
1. "ಬಾಯಿ ಮಾತು ನನ್ನ ಹತ್ರ ನಡೆಯಲ್ಲ, ಏನಿದ್ರೂ ಬರ್ದು ಕೊಡ್ರಿ" ಎಂಬ ತಮ್ಮ ಸ್ಥಾಯೀ ಆದೇಶ.
2. ಮಿಕ್ಸಿ ಪ್ರಕರಣದಲ್ಲಿ ತಾವು ಮೊಳಕಾಲ್ಮುರು ಬಸ್ಸು ಹತ್ತಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನು ತಮ್ಮ ಹೊಟ್ಟೆಯಲ್ಲಿ ಹುಟ್ಟಿದವನೇ ಆಗಿದ್ದರೂ ಎದುರು ನಿಂತು ಹೇಳಲು ಧೈರ್ಯ ಸಾಲದ ಕಾರಣ, ಈ ಕೆಳಕಂಡಂತೆ ಲಿಖಿತವಾಗಿ ನಿವೇದಿಸಿಕೊಳ್ಳುತ್ತಾನೆ.

1. ಅರ್ಜಿದಾರನ ಮಗಳೂ ತಮ್ಮ ಮೊಮ್ಮಗಳೂ ಆದ ಕುಮಾರಿ ಮಂಗಳಗೌರಿಗೆ ಕುದಾಪುರದ ಕಡೆಯ ಒಂದು ಸಂಶೋಧನಾ ಕೇಂದ್ರದಿಂದ ಪ್ರಯೋಗಾಲಯ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದ್ದು, ಅದು ಬರುವ ಸೋಮವಾರ ಬೆಳಿಗ್ಗೆ ನಡೆಯಲಿದೆ. ಸದರಿ ಕೇಂದ್ರದ ಬೇಲಿ ನಮ್ಮ ಮಾಳಿಗೆ ಹತ್ತಿದರೆ ಕಾಣುತ್ತದೆ. ಗಾಳಿ ಆ ಕಡೆ ಬೀಸುವಾಗ ಕೂಗಿದರೆ ಉತ್ತರಗಳು ಅಲ್ಲಿಗೆ ಮುಟ್ಟಿದರೂ ಮುಟ್ಟಬಹುದು. ಆದರೂ ಸಂದರ್ಶನವನ್ನು ಲ್ಯಾಪ್‌ಟಾಪಿನಲ್ಲೇ ನಡೆಸುವುದಾಗಿಯೂ, ಮೊಬೈಲು ನಡೆಯುವುದಿಲ್ಲವೆಂದೂ ಅವರು ತಿಳಿಸಿರುತ್ತಾರೆ.

2. ನಮ್ಮ ಲ್ಯಾಪ್‌ಟಾಪು ಗುಂಡಿ ಒತ್ತಿದೊಡನೆ ಹತ್ತುತ್ತದೆ, ಬಣ್ಣ ತೋರಿಸುತ್ತದೆ, ಗೊರಗೊರ ಎನ್ನುತ್ತದೆ, ಆಮೇಲೆ ಯಾರನ್ನೂ ಕೇಳದೆ ಆರಿಹೋಗುತ್ತದೆ. ಕಾಲೇಜಿನ ಮೇಷ್ಟ್ರ ಜೊತೆ ಅಭ್ಯಾಸಕ್ಕೆಂದು ಕೂತಾಗ, ಹುಡುಗಿ "ನಮಸ್ಕಾರ ಸಾರ್, ನನ್ನ ಹೆಸರು ಮಂಗಳ..." ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಕೆಲಸ ಬೇಡವೆಂದು ಮನೆಯವರೇ ಮುಚ್ಚಿಸಿದರೆಂದು ಭಾವಿಸಿದ ಮೇಷ್ಟ್ರು ಅರ್ಜಿದಾರನಿಗೆ ಫೋನು ಮಾಡಿ, "ಮದುವೆ ಗಿದುವೆ ಅಂತ ಒತ್ತಾಯ ಮಾಡ್ಬೇಡಿ ಕೊಟ್ಟೂರಪ್ಪನೋರೆ" ಎಂದು ಬುದ್ಧಿ ಹೇಳಿದರು.

3. ಕಾರಣ, ಮನೆಯವರೆಲ್ಲ ಚಿಕಿತ್ಸೆಗೆ ಇಳಿಯಬೇಕಾಯಿತು. ಅರ್ಜಿದಾರನು ಹೆಬ್ಬೆರಳು ಜೋಮು ಹಿಡಿಯುವವರೆಗೆ ಗುಂಡಿ ಅದುಮಿದನು. ಅರ್ಜಿದಾರನ ಹೆಂಡತಿ ಲಕ್ಷ್ಮೀದೇವಿ, ನಮ್ಮ ಮನೆಯ ಕರೆಂಟೇ ಸರಿಯಿಲ್ಲವೆಂದು ಪಕ್ಕದ ಯರ್ರಮ್ಮನವರ ಮನೆಯಿಂದ ವೈರು ಎಳೆದಳು. ವೈರಿನ ಜೊತೆಗೆ ಯರ್ರಮ್ಮನವರೂ ಬಂದು, "ದಿಷ್ಟಿ ತಗಿಲಿಂದಿ ಕೊಟ್ಟೂರಪ್ಪಾ" ಎಂದು ತಮ್ಮ ತೆಲುಗಿನಲ್ಲಿ ದೃಷ್ಟಿ ತಗುಲಿದ್ದನ್ನು ಸಾರಿ, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದ್ದರಿಂದ ಆ ಆರೋಪ ಬಿದ್ದುಹೋಯಿತು.

4. ಆದ್ದರಿಂದ ಅರ್ಜಿದಾರನು ಲ್ಯಾಪ್‌ಟಾಪನ್ನು ಚಳ್ಳಕೆರೆಯ ರಿಪೇರಿ ಅಂಗಡಿಯ ಮುರುಗೇಶನ ಬಳಿ ಒಯ್ದನು. ಅವನು ರೂಢಿಯಂತೆ ಬ್ಲೋಯರಿನಿಂದ ಬುಸ್ಸೆಂದು ಒಮ್ಮೆ ಗಾಳಿ ಹೊಡೆದು, ಚಾರ್ಜರು ಬದಲಿಸಿದನು. ಓಡಿತು. ಮನೆಗೆ ಬಂತು. ಸತ್ತಿತು. ಮತ್ತೆ ಒಯ್ದಾಗ ಮತ್ತೆ ಗಾಳಿ ಹೊಡೆದು, ಒಳಗಿನ ಯಾವುದೋ ಪಟ್ಟಿಯನ್ನು ಶಾಲೆಮಕ್ಕಳ ರಬ್ಬರಿನಿಂದ ಉಜ್ಜಿದನು. ಓಡಿತು. ಮನೆಗೆ ಬಂತು. ಅದೇ ಕಥೆ. "ಅಣ್ಣ, ನನ್ನ ಅಂಗ್ಡೀಲಿ ಕುದ್ರೆ ಥರ ಓಡ್ತೈತೆ. ನಿಮ್ಮನೇಲಿ ಮಕಾಡೆ ಮಲಗ್ತೈತೆ ಅಂದ್ರೆ ನನ್ನ ತಪ್ಪಲ್ಲ. ವಾಸ್ತು ತೋರ್ಸ್ರಿ" ಎಂದನು.

5. ವಾಸ್ತುವಿನವರನ್ನು ಕರೆಸುವ ಮುನ್ನ ಕೊನೆಯದಾಗಿ ಒಮ್ಮೆ ಪೂರ್ತಿ ಬಿಚ್ಚೆಂದು ಅರ್ಜಿದಾರನು ಒತ್ತಾಯಿಸಿದ ಮೇರೆಗೆ ಮುರುಗೇಶನು ಬಿಚ್ಚಿದನು. ಬಿಚ್ಚಿದವನು ಒಳಗೆ ಬಗ್ಗಿ ನೋಡಿದನು. ಆಮೇಲೆ ಬೆರಳಲ್ಲಿ ಮುಟ್ಟಿ, ಮೂಸಿ, "ಏನಣ್ಣ ಇದು, ಫ್ಯಾನ್ ತುಂಬ ವಿಭೂತಿ! ಲ್ಯಾಪ್‌ಟಾಪಿಗೆ ದೀಕ್ಷೆ ಕೊಡ್ಸೀರಾ?" ಎಂದು ಕೇಳಿದನು. ಗಾಳಿ ಆಡದೆ ಒಳಗೆಲ್ಲ ಕಾದು, ಸುಟ್ಟುಹೋಗಬಾರದೆಂದು ಅದು ತಾನಾಗೇ ಆಫ್ ಆಗುತ್ತಿದೆ ಎಂದು ವಿವರಿಸಿದನು. "ಹಂಗಾರೆ ನೀನು ಬದಲಾಯ್ಸಿದ ಚಾರ್ಜರು?" ಎಂದು ಅರ್ಜಿದಾರನು ಕೇಳಲಾಗಿ, "ಗುಣ ಆಗಿದ್ದು ಬ್ಲೋಯರಿಂದ ಕಣಣ್ಣ. ಹಳೇದನ್ನೆಲ್ಲ ಯಾಕೆ ಕೆದುಕ್ತೀರಿ" ಎಂದನು.

6. ಅರ್ಜಿದಾರನು ಮರುದಿನ ಬೆಳಿಗ್ಗೆ ಕದದ ಸಂದಿಯಲ್ಲಿ ನಿಂತು ಖುದ್ದು ಸ್ಥಳ ಪರಿಶೀಲನೆ ನಡೆಸಿದನು. ಹುಡುಗಿ ಗುಂಡಿ ಒತ್ತಿ ಕಾಫಿಗೆಂದು ಒಳಗೆ ಹೋದ ಹೊತ್ತಿನಲ್ಲಿ ತಾವು ಬಂದಿರಿ. ಬಿಸಿ ಗಾಳಿ ಬರುವ ಸಂದಿಗೆ ಅಂಗೈ ಹಿಡಿದಿರಿ. "ಅಯ್ಯೋ ಕೂಸೇ, ಇವತ್ತೂ ಮೈ ಸುಡ್ತೈತಲ್ಲೇ" ಎಂದು ಮರುಗಿದಿರಿ. ಜ್ವರ ಬಂದ ಮಗುವಿನ ಹಣೆಗೆ ಹಚ್ಚುವಂತೆ ಆ ಸಂದಿಗೇ ಗಟ್ಟಿಯಾಗಿ ವಿಭೂತಿ ತಿಕ್ಕಿ, "ಶಿವ ಶಿವಾ" ಎಂದು ಒಳಕ್ಕೆ ಊದಿದಿರಿ. ಹೀಗೆ ಜ್ವರ ಏರಿದಷ್ಟೂ ವಿಭೂತಿ, ವಿಭೂತಿ ಏರಿದಷ್ಟೂ ಜ್ವರ. ಇದರಲ್ಲಿ ತಮ್ಮ ಯಾವುದೇ ದುರುದ್ದೇಶ ಕಂಡುಬಂದಿರುವುದಿಲ್ಲ. ಅಕ್ಕರೆ ಮಾತ್ರ ಮಿತಿ ಮೀರಿರುವುದು ಕಂಡುಬಂದಿರುತ್ತದೆ.

7. ಅಡಗಿಸಿ ಇಡಬಹುದಿತ್ತಲ್ಲ ಎಂದು ತಾವು ಆಕ್ಷೇಪಿಸಬಹುದು. ಅಡಗಿಸಲಾಗಿತ್ತು. ಕಂಬಳಿ ರಾಶಿಯ ಅಡಿಯಲ್ಲಿ. ತಾವು ಅದನ್ನು ಹುಡುಕಿ ತೆಗೆದು, "ಪಾಪ, ಇದನ್ನ ಉಸಿರು ಕಟ್ಟೋ ಹಂಗೆ ಯಾರ್ಲೇ ಇಲ್ಲಿ ಮಲಗ್ಸಿದ್ದು" ಎಂದು ಬೈದು, ಎರಡು ಪಟ್ಟು ಹಚ್ಚಿದಿರಿ. ಬೇರೆಯವರ ಲ್ಯಾಪ್‌ಟಾಪು ತಂದರೂ ಅದು ಹೊಸ್ತಿಲು ದಾಟುವ ಮೊದಲೇ ತಮ್ಮ ಕೈಗೆ ಸಿಗುತ್ತದೆ.

8. ಇನ್ನು ಬಾಯಿಮಾತಿನ ದಾರಿ. ಹಿಂದೆ ಲಕ್ಷ್ಮೀದೇವಿಯು "ಅತ್ತೇ, ಮಿಕ್ಸಿಗೆ ಬ್ಯಾಡ್ರಿ, ಚಟ್ನಿ ಎಲ್ಲಾ ವಿಭೂತಿ ವಾಸ್ನೆ" ಎಂದಷ್ಟೇ ಹೇಳಿದ್ದಳು. "ಶಿವನೇ ನಿಮ್ಗೆ ವಾಸ್ನೆ ಆದ್ನಾ?" ಎಂದು ತಾವು ಚೀಲ ಹಿಡಿದು ಮೊಳಕಾಲ್ಮುರಿನ ಮಗಳು ಜಗದಾಂಬಳ ಮನೆ ಸೇರಿದಿರಿ. ಅಲ್ಲಿನ ನೆಂಟರಿಷ್ಟರಲ್ಲಿ ಲಕ್ಷ್ಮೀದೇವಿ ಇಂದಿಗೂ ಶಿವದ್ರೋಹಿ. ಕರೆತರಲು ಹೋದ ಅರ್ಜಿದಾರನನ್ನು ಹೊಸ್ತಿಲಲ್ಲೇ ತಡೆದು "ಅರ್ಜಿ ಎಲ್ಲಿ?" ಎಂದು ಕೇಳಿದ್ದನ್ನು ಅರ್ಜಿದಾರನು ಮರೆತಿರುವುದಿಲ್ಲ.

9. ಸಂದರ್ಶನದ ಕರೆ ಬಂದ ಸಂಜೆ ತಾವು ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ್ದು ಅರ್ಜಿದಾರನ ಕಿವಿಗೂ ಬಿತ್ತು. "ನಾನು ಅಧ್ಯಕ್ಷೆ ಆಗಿದ್ದಾಗ ಮೀಟಿಂಗ್‌ನಾಗೆ ಬಾಯಿ ಬಿಟ್ರೆ ಸಾಕು, ನಿಮ್ಮ ತಾತ 'ನೀನು ಸುಮ್ಕಿರು' ಅಂತಿದ್ದ. ಮಾತೆಲ್ಲ ಅವನ್ದು, ಸಹಿ ನನ್ದು. ನೀನು ಪೂರ್ತಿ ಮಾತಾಡ್ಬೇಕು ಕೂಸೇ." ಅಂದಿನಿಂದಲೇ ತಾವು ವಿಭೂತಿಯ ಪ್ರಮಾಣ ಹೆಚ್ಚಿಸಿದ್ದು. ತೊಂದರೆ ಏನೆಂದರೆ, ಹುಡುಗಿ ಪೂರ್ತಿ ಮಾತಾಡಲೆಂದು ಹಚ್ಚಿದ ವಿಭೂತಿಯೇ ಈಗ ಆಕೆಯನ್ನು ಅರ್ಧ ಹೆಸರಿಗೆ ಸುಮ್ಮನಾಗಿಸುತ್ತಿದೆ. ಸಾಲದ್ದಕ್ಕೆ ಬರುವುದು ಸೋಮವಾರ. ವಿಭೂತಿಯಲ್ಲಿ ತಾವು ಧಾರಾಳವಾಗುವ ಶಿವನ ವಾರ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸೋಮವಾರ ಸಂದರ್ಶನ ಮುಗಿಯುವವರೆಗೆ ಲ್ಯಾಪ್‌ಟಾಪಿನ ಗಾಳಿಸಂದಿಗಳಿಂದ ತಮ್ಮ ಬೆರಳುಗಳನ್ನು ದೂರವಿಟ್ಟು, ಅದರ ಪಾಲಿನ ವಿಭೂತಿಯನ್ನು ಅರ್ಜಿದಾರನ ಹಣೆ, ತೋಳು, ಎದೆ, ಬೆನ್ನು, ಎಲ್ಲೆಲ್ಲಿ ಜಾಗವಿದೆಯೋ ಅಲ್ಲಿಗೆ ವರ್ಗಾಯಿಸಬೇಕೆಂದೂ, ಈ ಅರ್ಜಿ ಓದಿದ ಸಿಟ್ಟಿನಲ್ಲಿ ಮೊಳಕಾಲ್ಮುರು ಬಸ್ಸು ಹತ್ತಬಾರದೆಂದೂ ಅರ್ಜಿದಾರನು ಕೈಮುಗಿದು ಕೋರುತ್ತಾನೆ.

ತಮ್ಮ ವಿಶ್ವಾಸಿ, ಬೇರೆ ಗತಿಯಿಲ್ಲದ ಮಗ,
(ಸಹಿ) ಕೊಟ್ಟೂರಪ್ಪ

ಲಗತ್ತುಗಳು:
1. ಸಂದರ್ಶನದ ಕರೆಪತ್ರದ ನಕಲು.
2. ಲ್ಯಾಪ್‌ಟಾಪಿನ ಹೊಟ್ಟೆಯಿಂದ ತೆಗೆದ ವಿಭೂತಿ, ಒಂದು ಪೊಟ್ಟಣ. ತುಳಿಯುವ ಕಡೆ ಚೆಲ್ಲಬಾರದೆಂದು ವಾಪಸು ಕೊಡಲಾಗಿದೆ.

ಷರಾ:
ಅರ್ಜಿ ಓದ್ದೆ. ಮಂಜೂರು. ಗಾಳಿ ಸಂದಿ ತಂಟೆಗೆ ಬರಲ್ಲ, ಬಸ್ಸೂ ಹತ್ತಲ್ಲ. ಸೋಮವಾರ ನನ್ನ ಕುರ್ಚಿ ಕೂಸಿನ ಪಕ್ಕಕ್ಕೆ ಹಾಕು. ಆ ಸಾಹೇಬ್ರು ಪರದೆ ಮೇಲೆ ಬರ್ತಿದ್ದಂಗೆ, ಅವರ ಹಣೆ ಎಲ್ಲಿ ಕಾಣ್ತೈತೋ ಅಲ್ಲಿ ಮೂರು ಬೆರಳು ಎಳೀತೀನಿ. ಯಾವನಾದ್ರೂ ಕೂಸಿಗೆ ಸುಮ್ಕಿರು ಅಂದ್ರೆ ಬಾಯಿಗೂ ಎಳೀತೀನಿ. ಪರದೆಗೆ ತೂತಿಲ್ಲ, ನೋಡೀನಿ.
(ಸಹಿ) ಬಸವಲಿಂಗಮ್ಮ
ಅಧ್ಯಕ್ಷರು